ಪೋಷಕ-ಸಂಲಗ್ನತಾ ಮೀಮಾಂಸೆ: ಮೂಗೂರು ಹೋಬಳಿಯನ್ನು ಮುಂದಿಟ್ಟುಕೊಂಡು

ಡಿಜಿಟಲ್ ಸಾಧನಗಳ ಮೂಲಕ ಮಕ್ಕಳನ್ನೂ ಅವರ ಮನೆಯವರನ್ನೂ ಊರನ್ನೂ ಶಾಲೆಗೆ ಅಂಟಿಸುವ ಕ್ರಿಯೆಗೆ ಪ್ರಸ್ತುತ ಪ್ರಬಂಧದಲ್ಲಿ 'ಬಹುಸ್ತರೀಯ ತ್ರಿಮುಖ ಸಂಲಗ್ನತೆ' ಎಂಬ ಪಾರಿಭಾಷಿಕ ಪದವನ್ನು ಬಳಸಲಾಗಿದೆ. ಬಹುಸ್ತರೀಯ ಎಂದರೆ, ಬೆಂಗಳೂರಿನಲ್ಲಿ ಹೊರಟ ಸೂಚನೆಯು ಜಿಲ್ಲೆ, ತಾಲ್ಲೂಕು, ಕ್ಲಸ್ಟರ್‌ಗಳ ವಾಟ್ಸಾಪ್ ಗುಂಪುಗಳನ್ನು ಹಾದು, ಒಂದೊಂದು ಮೆಟ್ಟಿಲಲ್ಲೂ ಒಂದೊಂದು 'ಅತಿ ತುರ್ತು' ಸೇರಿಸಿಕೊಂಡು ಮುಖ್ಯ ಶಿಕ್ಷಕರ ಮೊಬೈಲಿಗೆ ಬಂದಿಳಿಯುವುದು. ತ್ರಿಮುಖವೆಂದರೆ ಮಗು, ಮನೆ, ಊರು. ಸಂಲಗ್ನತೆಯೆಂದರೆ ಈ ಮೂರೂ ಒಂದೇ ಫೋಟೊದಲ್ಲಿ ಕಾಣಿಸಿಕೊಳ್ಳುವುದು. ಫೋಟೊದಲ್ಲಿ ಬ್ಯಾನರ್ ಇಲ್ಲದಿದ್ದರೆ ಅದು ಸಂಲಗ್ನತೆಯಾಗದೆ, ಬರಿದೆ ಜನ ಸೇರಿದ್ದು ಎಂದಷ್ಟೇ ಪರಿಗಣಿತವಾಗುತ್ತದೆ.

ಅಧ್ಯಯನಕ್ಕೆ ಆಯ್ದ ಕ್ಷೇತ್ರ ತಿ. ನರಸೀಪುರ ತಾಲ್ಲೂಕಿನ ಮೂಗೂರು ಹೋಬಳಿ. ಇಲ್ಲಿನ ತ್ರಿಪುರಸುಂದರಿ ಅಮ್ಮನವರ ಜಾತ್ರೆಗೆ ಸುತ್ತಲಿನ ಊರಿನವರು ಮಕ್ಕಳುಮರಿ ಸಮೇತ ಬಂದು ಸೇರುವುದುಂಟಾದರೂ, ಲಿಂಕ್, ನೋಂದಣಿ, ಓಟಿಪಿ ಯಾವುದೂ ಇಲ್ಲದೆ ನಡೆಯುವ ಈ ಸೇರುವಿಕೆಯನ್ನು ಸಮುದಾಯ ಸಹಭಾಗಿತ್ವದ ದತ್ತಾಂಶವೆಂದು ಸ್ವೀಕರಿಸಲು ಶಾಸ್ತ್ರ ಒಪ್ಪುವುದಿಲ್ಲ.

ಶಾಸ್ತ್ರಕ್ಕೆ ಪೂರ್ವಪೀಠಿಕೆಯೂ ಇದೆ. 1975-76ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಕಾರ್ಯಕ್ರಮಗಳು ಇಳಿದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಬಿಟ್ಟ ಎಜುಸ್ಯಾಟ್, ಮೂಗೂರಿಗೆ ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಹೇಳಿತು. 2010ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಉಪಗ್ರಹಕ್ಕಾದರೂ ನಿವೃತ್ತಿಯುಂಟು, ಮುಖ್ಯ ಶಿಕ್ಷಕರು ಪಾಸ್‌ವರ್ಡ್ ಬರೆದಿಟ್ಟುಕೊಳ್ಳುವ ಪುಸ್ತಕಕ್ಕೆ ಅದೂ ಇಲ್ಲ.

ಶಾಲಾ ವಾಟ್ಸಾಪ್ ಗುಂಪಿನ ಪೋಷಕರನ್ನು ಐದು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಅಂಗುಷ್ಠವರ್ಗ: ಯಾವ ಸೂಚನೆ ಬಂದರೂ ಹೆಬ್ಬೆರಳ ಚಿತ್ರವೊಂದನ್ನು ಒತ್ತಿ ಸುಮ್ಮನಾಗುವವರು. ಹಿಂದೆ ಹೆಬ್ಬೆಟ್ಟು ಒತ್ತಿದವರನ್ನು ಅನಕ್ಷರಸ್ಥರೆಂದು ಬರೆದುಕೊಂಡ ಅದೇ ವ್ಯವಸ್ಥೆ ಇಂದು ಇವರನ್ನು 'ಸಕ್ರಿಯ ಭಾಗೀದಾರರು' ಎಂದು ಎಣಿಸುತ್ತದೆ. ಎರಡನೆಯದು ಪುಷ್ಪವರ್ಗ: ನಸುಕಿನಲ್ಲೇ ಗುಲಾಬಿ ಹೂವಿನೊಡನೆ ಶುಭೋದಯ ಹೇಳಿ, ಮಧ್ಯಾಹ್ನ ಸೈಟು ಮಾರಾಟದ ಸುದ್ದಿ ಹಾಕುವವರು. ಮೂರನೆಯದು ನೀಲಗೆರೆಯ ವರ್ಗ. ಇವರು ಓದುತ್ತಾರೆ, ಉತ್ತರಿಸುವುದಿಲ್ಲ. ನಾಲ್ಕು ಮತ್ತು ಐದನೆಯ ವರ್ಗಗಳನ್ನು ಇಲ್ಲಿಗೇ ಕೈಬಿಡಲಾಗಿದೆ, ಏಕೆಂದರೆ ಹೇಳಬೇಕಾದದ್ದು ಗುಂಪಿನಲ್ಲಿರುವವರ ವಿಷಯವಲ್ಲ.

ಮನೆಗೆ ಇರುವುದು ಒಂದೇ ಸ್ಮಾರ್ಟ್‌ಫೋನ್, ಅದು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಮೈಸೂರಿಗೆ ಹೋಗಿರುತ್ತದೆ. ಅವ್ವ ನಾಟಿ ಗದ್ದೆಯಲ್ಲಿರುತ್ತಾಳೆ. ರಾತ್ರಿ ಫೋನು ಮನೆಗೆ ಬರುವ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ. ಇಂಥ ಮನೆಯನ್ನು ವರದಿಗಳು 'ಸ್ಪಂದಿಸದ ಕುಟುಂಬ' ಎಂದು ಕರೆಯುವುದು ಪಾರಿಭಾಷಿಕತೆಯಲ್ಲ, ಅದು ಬೈಗುಳ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಯೋಜನೆಯು ಮಕ್ಕಳನ್ನು ಅವರ ಮನೆಯ ಫೋನಿನ ಆಧಾರದ ಮೇಲೆ ಮೂರಾಗಿ ವಿಂಗಡಿಸಿತು: ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಇರುವವರು, ಇಂಟರ್ನೆಟ್ ಇರುವವರು. ಬಡತನವನ್ನು ಇಷ್ಟು ಚೊಕ್ಕವಾಗಿ ಪಟ್ಟಿ ಮಾಡಿದ ವರ್ಗೀಕರಣದ ಮುಂದೆ ಯಾವ ಅಣಕವೂ ಸಪ್ಪೆ. ಆದರೂ ಅದೇ ಯೋಜನೆಯಲ್ಲಿ ಶಿಕ್ಷಕರು ಊರೂರಿಗೆ ನಡೆದು, ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸುವವರೆಗೆ ಅವ್ವಂದಿರು ಅಲ್ಲೇ ನಿಂತು ಮೇಷ್ಟ್ರನ್ನು ಮಾತಾಡಿಸುವುದಕ್ಕೆ ನೆಟ್‌ವರ್ಕ್ ಬೇಕಾಗಿರಲಿಲ್ಲ.

ಈಗ ಆ ಮೇಷ್ಟ್ರಿಗೇ ಪುರುಸೊತ್ತಿಲ್ಲ. ಎಸ್‌ಎಟಿಎಸ್ ಎಂಬ ರಾಜ್ಯದ ವಿದ್ಯಾರ್ಥಿ ದಾಖಲೆ, ಯುಡೈಸ್ ಎಂಬ ಕೇಂದ್ರದ ದಾಖಲೆ, ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ, ಇವುಗಳ ನಡುವೆ ಒಂದೇ ಮಗುವನ್ನು ಮತ್ತೆ ಮತ್ತೆ ತುಂಬಬೇಕು. ಶಾಲೆಯಲ್ಲಿ ನಂಜುಂಡಸ್ವಾಮಿಯಾದವನು ಆಧಾರ್‌ನಲ್ಲಿ ನಂಜುಂಡನಾಗಿದ್ದರೆ, ಅವನ ತಂದೆ ಒಂದು ದಿನದ ಕೂಲಿ ಬಿಟ್ಟು ಪಟ್ಟಣದ ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲಬೇಕು. ಕುಟುಂಬವನ್ನು ತೊಡಗಿಸಿಕೊಳ್ಳುವುದೆಂದರೆ ಇದೇ ಆಗಿದ್ದರೆ, ಆ ಕುಟುಂಬ ಸಾಕಷ್ಟು ತೊಡಗಿಕೊಂಡಿದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೆಯ ಕಲಮಿನ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಕರ್ನಾಟಕದಲ್ಲಂತೂ 2001ರ ಆದೇಶದಿಂದಲೇ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಇವೆ. ಅಂದರೆ ಪೋಷಕರು ಬರಿಯ ನೋಡುಗರಲ್ಲ, ಪ್ರಶ್ನೆ ಕೇಳಬೇಕಾದವರು. ಖಾಲಿ ಇರುವ ಗಣಿತದ ಮೇಷ್ಟ್ರ ಜಾಗ ಯಾವಾಗ ತುಂಬುತ್ತದೆ, ಸೋರುವ ಕೋಣೆಗೆ ಯಾರು ಹೊಣೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಏಕಿಲ್ಲ ಎಂಬ ಪ್ರಶ್ನೆಗಳು ಸಭೆಯ ಫೋಟೊದಲ್ಲಿ ಬೀಳುವುದಿಲ್ಲ. ಮೇಲಕ್ಕೆ ಹೋಗುವುದು ಫೋಟೊ ಮಾತ್ರ. ಇಲಾಖೆಯು ಮುಂದಿನ ಆ್ಯಪ್ ತರುವ ಮೊದಲು ಅದರಲ್ಲಿ ಪೋಷಕರ ಪ್ರಶ್ನೆಗೊಂದು ಜಾಗ, ಉತ್ತರ ಕೊಡಬೇಕಾದ ಅಧಿಕಾರಿಯ ಹೆಸರು, ಉತ್ತರಕ್ಕೊಂದು ಗಡುವು ಇಷ್ಟನ್ನು ಸೇರಿಸಲಿ. ಗಡುವು ಶಿಕ್ಷಕರಿಗೆ ಕೊಡುವಷ್ಟೇ ಇದ್ದರೆ ಸಾಕು: ಇಂದು ಸಂಜೆ ನಾಲ್ಕು ಗಂಟೆಯೊಳಗೆ.