ಆ ಪುಟ್ಟ ಗಾಜನ್ನು ಮುಚ್ಚಬೇಡ: ಕಾರುಪ್ರಿಯ ತಮ್ಮನಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ದುಡಿದ ದುಡ್ಡಿನಲ್ಲಿ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಂಡು, ಹಬ್ಬಕ್ಕೆಂದು ಅದನ್ನು ನಮ್ಮ ಆಂಧ್ರ-ಕರ್ನಾಟಕ ಗಡಿಯ ಭೈರವಾನಿತಿಪ್ಪದ ಕಡೆ ಓಡಿಸಿಕೊಂಡು ಬರುವ ಆಸೆ ನಿನಗಿದ್ದರೆ ಈ ಪತ್ರ ನಿನಗೆ. ಕಾರು ಕೊಂಡದ್ದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಒಣಭೂಮಿಯ ಮನೆಗಳಿಂದ ಹೊರಟು ದುಡಿದವರು ತಮಗೆ ಬೇಕಾದ್ದನ್ನು ಕೊಳ್ಳುವುದು ಸಂತೋಷದ ವಿಷಯ. ನಾನು ಬರೆಯುತ್ತಿರುವುದು ಆ ಕಾರಿನ ಒಂದೇ ಒಂದು ಭಾಗದ ಬಗ್ಗೆ. ಬಾಗಿಲಿನ ಹಿಂದೆ, ಚಾವಣಿ ಇಳಿಜಾರಾಗುವ ಕಡೆ, ಎರಡೂ ಪಕ್ಕದಲ್ಲಿ ಒಂದೊಂದು ಪುಟ್ಟ ಗಾಜು ಇರುತ್ತದಲ್ಲ, ಆ ಕ್ವಾರ್ಟರ್ ಗ್ಲಾಸು. ಅದಕ್ಕೆ ಕಪ್ಪು ಫಿಲ್ಮ್ ಹಚ್ಚಿಸುವುದೋ, ಪಟ್ಟಿಪಟ್ಟಿಯ ಲೂವರ್ ಅಂಟಿಸುವುದೋ, ಹೆಸರಿನ ಸ್ಟಿಕ್ಕರ್ ಹಾಕಿಸುವುದೋ ಎಂದು ಯೋಚಿಸುತ್ತಿರುವವನಿಗೆ ಮೊದಲೇ ಒಂದು ಮಾತು: ಅದನ್ನು ಮುಚ್ಚಬೇಡ.

ಅಷ್ಟು ಚಿಕ್ಕ ಗಾಜಿಗೆ ಇಷ್ಟು ಕಾಳಜಿ ಯಾಕೆ ಎಂದು ನೀನು ಕೇಳಬಹುದು. ಸ್ಪೋರ್ಟ್ಸ್ ಕಾರಿನಲ್ಲಿ ಚಾಲಕ ತಗ್ಗಿನಲ್ಲಿ ಕೂರುತ್ತಾನೆ. ಚಾವಣಿಯನ್ನು ಹೊರುವ ಹಿಂದಿನ ಕಂಬ ದಪ್ಪ, ಹಿಂಬದಿಯ ದೊಡ್ಡ ಗಾಜು ಮಲಗಿದ ಹಾಗಿರುತ್ತದೆ. ಮಾಮೂಲಿ ಕಾರಿನಲ್ಲಿ ಹಿಂದಿನ ಬಾಗಿಲುಗಳ ಕಿಟಕಿಯಿಂದ ಕಾಣುವುದೆಲ್ಲ ಇಲ್ಲಿ ಆ ಪುಟ್ಟ ಗಾಜಿನಿಂದಲೇ ಕಾಣಬೇಕು. ಪಕ್ಕದ ಕನ್ನಡಿ ತೋರಿಸುವುದು ಕಾರಿನ ಉದ್ದಕ್ಕೆ ನೇರ ಹಿಂದಿರುವುದನ್ನು. ಕನ್ನಡಿಗೂ ಸಿಗದ, ಕಣ್ಣಂಚಿಗೂ ಸಿಗದ ಜಾಗಕ್ಕೆ ಚಾಲಕರು ಬ್ಲೈಂಡ್ ಸ್ಪಾಟ್ ಅನ್ನುತ್ತಾರೆ. ಕತ್ತು ಹೊರಳಿಸಿ ನೋಡಿದರೆ ಅದು ಕಾಣುತ್ತದೆ, ಆದರೆ ಹೊರಳಿಸಿದ ಕಣ್ಣಿಗೆ ಅಲ್ಲಿ ಗಾಜು ಸಿಗಬೇಕು, ಕರಿ ಪರದೆ ಸಿಗಬಾರದು.

ಈಗ ನಮ್ಮ ರಸ್ತೆಗಳನ್ನು ನೆನೆಸಿಕೊ. ವೇದಾವತಿ ನದಿಗೆ ಅಣೆಕಟ್ಟು ಕಟ್ಟಿದ ಭೈರವಾನಿತಿಪ್ಪದ ಸುತ್ತ ಹೊಲದ ದಾರಿಗಳು ದೊಡ್ಡ ರಸ್ತೆಗೆ ಓರೆಯಾಗಿ ಬಂದು ಕೂಡುತ್ತವೆ. ಎಡಗಡೆಯಿಂದ ಹೀಗೆ ಓರೆಯಾಗಿ ಸೇರುವಾಗ ದೊಡ್ಡ ರಸ್ತೆಯ ವಾಹನ ನಿನ್ನ ಬಲ ಹೆಗಲ ಹಿಂದಿನಿಂದ ಬರುತ್ತದೆ. ನಿನ್ನ ಕಾರು ಬೇರೆ ದಿಕ್ಕಿಗೆ ಮುಖ ಮಾಡಿರುವುದರಿಂದ ಬಲಗನ್ನಡಿ ಆಗ ಹೊಲವನ್ನು ತೋರಿಸುತ್ತದೆ, ಬರುತ್ತಿರುವ ಲಾರಿಯನ್ನಲ್ಲ. ಲಾರಿ ಕಾಣುವುದು ಕ್ವಾರ್ಟರ್ ಗ್ಲಾಸಿನಲ್ಲಿ. ಎಡಕ್ಕೆ ಸರಿಯುವಾಗಲೂ ಇದೇ ಕಥೆ. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು, ಹಿಂಡಿನಿಂದ ತಪ್ಪಿದ ಕುರಿಯನ್ನು ಅಟ್ಟಿಕೊಂಡು ಬರುವ ಕುರಿಗಾಹಿ ಹುಡುಗ, ಇವರೆಲ್ಲ ಇರುವುದು ನಿನ್ನ ಎಡಹಿಂಬದಿಯಲ್ಲೇ. ಆ ಹುಡುಗನಿಗೆ ಹಾರ್ನೂ ಇಲ್ಲ, ದೀಪವೂ ಇಲ್ಲ. ನಿನ್ನ ನೋಟವೊಂದೇ ಅವರ ರಕ್ಷಣೆ.

ಗಾಜಿನ ಕೆಲಸ ಒಳಗಿರುವವನಿಗಷ್ಟೇ ಅಂದುಕೊಳ್ಳಬೇಡ. ಬಸ್ ಸ್ಟ್ಯಾಂಡಿನ ಮುಂದೆ ನಿಂತ ಕಾರಿನ ಆಚೆ ಮಗುವೊಂದು ರಸ್ತೆ ದಾಟಲು ಹೊರಟಿದ್ದರೆ, ಈಚೆ ಬರುವ ಬೈಕ್ ಸವಾರ ಅದನ್ನು ಕಾರಿನ ಗಾಜುಗಳ ಮೂಲಕವೇ ನೋಡುತ್ತಾನೆ. ದಾಟುವವನು ಚಾಲಕನ ಮುಖ ಯಾವ ಕಡೆ ತಿರುಗಿದೆ ಎಂದು ನೋಡಿ ಹೆಜ್ಜೆ ಇಡುತ್ತಾನೆ. ಗಾಜು ಕಪ್ಪಾದ ಕೂಡಲೇ ಕಾರು ಗೋಡೆಯಾಗುತ್ತದೆ. ಕಾರು ನಿನ್ನ ಆಸ್ತಿ, ನಿಜ. ಅದರ ಗಾಜಿನ ಮೂಲಕ ಹಾಯುವ ನೋಟ ಮಾತ್ರ ರಸ್ತೆಯಲ್ಲಿರುವ ಎಲ್ಲರಿಗೂ ಸೇರಿದ್ದು. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ, ಉಳಿದದ್ದು ಇದರ ವಿವರಣೆ.

ಕಾನೂನು ಕೂಡ ಈ ಮಾತನ್ನೇ ಅಂಕಿಯಲ್ಲಿ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ದೊಡ್ಡ ಗಾಜುಗಳು ಕನಿಷ್ಠ ಶೇ 70ರಷ್ಟು ಬೆಳಕನ್ನು, ಪಕ್ಕದ ಗಾಜುಗಳು ಕನಿಷ್ಠ ಶೇ 50ರಷ್ಟು ಬೆಳಕನ್ನು ಹಾಯಲು ಬಿಡಬೇಕು. 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಪ್ರಮಾಣ ಎಷ್ಟೇ ಇರಲಿ, ಗಾಜಿನ ಮೇಲೆ ಕಪ್ಪು ಫಿಲ್ಮ್ ಅಂಟಿಸುವುದೇ ಕೂಡದು ಎಂದಿತು. ಕಪ್ಪು ಗಾಜಿನ ಕಾರುಗಳೊಳಗೆ ನಡೆಯುವ ಅಪರಾಧಗಳು ಆ ಅರ್ಜಿಯ ಹಿಂದಿದ್ದ ಆತಂಕ. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಘೋರ ಸಾಮೂಹಿಕ ಅತ್ಯಾಚಾರವನ್ನು ಹೊರಗಿನವರಿಂದ ಮರೆಮಾಡಿದ್ದು ಕಪ್ಪು ಗಾಜು ಮತ್ತು ಪರದೆಗಳೇ.

ಆಮೇಲೆ ನಿಯಮ ಸ್ವಲ್ಪ ಬದಲಾಯಿತು, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. 2021ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಸುರಕ್ಷಾ ಗಾಜಿನ ಜೊತೆಗೆ ಮಾನದಂಡಕ್ಕೆ ಹೊಂದುವ ಪ್ಲಾಸ್ಟಿಕ್ ಪದರದ ಸುರಕ್ಷಾ ಗ್ಲೇಜಿಂಗ್‌ಗೂ ಅವಕಾಶ ಕೊಟ್ಟಿತು. ಅದನ್ನು ಆಧರಿಸಿ 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಅಂಥ ಪದರ ಹಚ್ಚಿದವರಿಗೆ ದಂಡ ಹಾಕುವಂತಿಲ್ಲ ಎಂದು ತೀರ್ಪಿತ್ತಿತು. ಅಂಗಡಿಗಳಲ್ಲಿ ಈ ತೀರ್ಪಿನ ಅರ್ಧವನ್ನು ಮಾತ್ರ ನಿನಗೆ ಹೇಳಿಯಾರು. ಉಳಿದರ್ಧ ಇದು: ಶೇ 70 ಮತ್ತು ಶೇ 50ರ ಗೆರೆ ಹಾಗೆಯೇ ಉಳಿದಿದೆ. ಈ ಗೆರೆಯ ಲೆಕ್ಕ ಕೂಡಿಸುವುದಲ್ಲ, ಗುಣಿಸುವುದು. ಕಾರ್ಖಾನೆಯಿಂದ ಬಂದ ನಿನ್ನ ಪಕ್ಕದ ಗಾಜು ಶೇ 75 ಬೆಳಕು ಬಿಡುತ್ತದೆ ಎಂದಿಟ್ಟುಕೊ. ಅದರ ಮೇಲೆ ಶೇ 60 ಬೆಳಕು ಬಿಡುವ ಫಿಲ್ಮ್ ಹಚ್ಚಿದರೆ ಉಳಿಯುವುದು ಶೇ 45. ಫಿಲ್ಮಿನ ಡಬ್ಬಿಯ ಮೇಲೆ 60 ಎಂದು ಬರೆದಿದ್ದರೂ ಗೆರೆ ದಾಟಿಯಾಯಿತು. ಅಂಗಡಿಯಲ್ಲಿ ತೋರಿಸುವ ‘ಲೈಟ್ ಶೇಡು’ ನಿನ್ನ ಗಾಜಿನ ಮೇಲೆ ಕೂತ ಮೇಲೆ ಲೈಟ್ ಆಗಿರುವುದಿಲ್ಲ.

ಎಪಿ ನಂಬರಿನವರಿಗೊಂದು ನ್ಯಾಯ, ಕೆಎ ನಂಬರಿನವರಿಗೊಂದು ನ್ಯಾಯ ಎಂಬ ಆಸೆಯನ್ನೂ ಬಿಡು. ಇದು ಕೇಂದ್ರದ ನಿಯಮ. ರಾಯದುರ್ಗದಲ್ಲೂ ಅದೇ, ಮೊಳಕಾಲ್ಮೂರು, ಬಳ್ಳಾರಿಯಲ್ಲೂ ಅದೇ, ಮಡಕಶಿರದಿಂದ ಪಾವಗಡದ ಗಡಿ ದಾಟಿದರೂ ಅದೇ. ಗಾಜನ್ನೇ ತೆಗೆಸಿ ಬೇರೇನೋ ಕೂರಿಸುವ ಯೋಚನೆಯಿದ್ದರೆ ದಂಡದ ಮಾತು ಇನ್ನೂ ಗಂಭೀರ. ತಯಾರಕರು ನೀಡಿದ ಮೂಲ ವಿವರಗಳಿಂದ ದೂರ ಹೋಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಆಗಬಹುದು.

ದಂಡಕ್ಕೆ ಹೆದರಿಸುವುದು ನನ್ನ ಉದ್ದೇಶವಲ್ಲ. ನೀನು ಕಾರನ್ನು ನಿಜವಾಗಿ ಪ್ರೀತಿಸುವವನಾದರೆ ರೇಸಿನ ಚರಿತ್ರೆಯೇ ನಿನಗೆ ಬುದ್ಧಿ ಹೇಳುತ್ತದೆ. ನಮ್ಮ ದೇಶದಲ್ಲಿ 2016ರಿಂದ 2020ರವರೆಗೆ ಮಾರಾಟವಾದ ಫೋರ್ಡ್ ಮಸ್ಟ್ಯಾಂಗ್ ನಿನಗೆ ಗೊತ್ತಿದೆ. ಅದರ ಕ್ವಾರ್ಟರ್ ಗ್ಲಾಸಿನ ಮೇಲೆ ಲೂವರ್ ಅಂಟಿಸುವುದು ಜಗತ್ತಿನಾದ್ಯಂತ ಇರುವ ಗೀಳು. ‘ಹಳೆಯ ಮಸ್ಟ್ಯಾಂಗ್ ಲುಕ್’ ಎಂಬುದು ಅದಕ್ಕೆ ಕೊಡುವ ಕಾರಣ. 1965ರ ಫಾಸ್ಟ್‌ಬ್ಯಾಕ್ ಮಸ್ಟ್ಯಾಂಗಿನಲ್ಲಿ ಆ ಜಾಗದಲ್ಲಿ ಲೂವರ್ ಇದ್ದದ್ದು ನಿಜ, ಅದು ಒಳಗಿನ ಗಾಳಿ ಹೊರಹೋಗುವ ದಾರಿಯಾಗಿತ್ತು. ಆದರೆ ಅದೇ ಕಾರನ್ನು ರೇಸಿನ ಹುರಿಯಾಳಾಗಿ ತಯಾರಿಸಿದ ಕ್ಯಾರೋಲ್ ಶೆಲ್ಬಿ ಮಾಡಿದ್ದೇನು? 1966ರ ಜಿಟಿ 350 ಮಾದರಿಯಲ್ಲಿ ಆ ಲೂವರನ್ನು ಕಿತ್ತು ಪಾರದರ್ಶಕ ಪ್ಲೆಕ್ಸಿಗ್ಲಾಸ್ ಕಿಟಕಿ ಕೂರಿಸಿದ. ಚಾಲಕನಿಗೆ ಹಿಂಬದಿಯ ಪಕ್ಕ ಕಾಣತೊಡಗಿತು. ಸ್ಪೋರ್ಟ್ಸ್ ಕಾರಿನ ಹಿಂಬದಿ ಪಕ್ಕದ ಕಿಟಕಿಯನ್ನು ಮಾರ್ಪಡಿಸಿದ ಅತಿ ಹೆಸರುವಾಸಿ ಉದಾಹರಣೆಗಳಲ್ಲಿ ಒಂದಾದ ಇದು ತೆರೆದ ಉದಾಹರಣೆ, ಮುಚ್ಚಿದ್ದಲ್ಲ.

ಪೋರ್ಷೆಯವರೂ ಗಾಜಿಗೆ ಕೈ ಹಾಕಿದ್ದಾರೆ. 1973ರ 911 ಕರೇರಾ ಆರ್‌ಎಸ್‌ಗೆ ತೂಕ ಇಳಿಸಲೆಂದು ತೆಳು ಗಾಜು ಹಾಕಿದರು. 2015ರ 911 ಜಿಟಿ3 ಆರ್‌ಎಸ್‌ನಲ್ಲಿ ಹಿಂದಿನ ಮತ್ತು ಹಿಂಬದಿ ಪಕ್ಕದ ಗಾಜುಗಳ ಬದಲು ಪಾಲಿಕಾರ್ಬೊನೇಟ್ ಕೂರಿಸಿದರು. ಹಗುರ ಮಾಡಿದರು, ಕುರುಡು ಮಾಡಲಿಲ್ಲ. 1966ರ ಲ್ಯಾಂಬೊರ್ಗಿನಿ ಮ್ಯೂರಾದ ಹಿಂಬದಿಗೆ ಪಟ್ಟಿಗಳಿದ್ದವಲ್ಲ ಎನ್ನುತ್ತೀಯಾ? ಅದರ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು, ಆ ಶಾಖ ಹೊರಹೋಗಬೇಕಿತ್ತು. ಎಂಜಿನ್ ಮುಂದಿರುವ ಕಾರಿನ ಕ್ವಾರ್ಟರ್ ಗ್ಲಾಸಿಗೆ ಅಂಟುಟೇಪಿನಲ್ಲಿ ಕೂರಿಸುವ ಪ್ಲಾಸ್ಟಿಕ್ ಪಟ್ಟಿಗೆ ಹೊರಹಾಕಲು ಯಾವ ಶಾಖವೂ ಇಲ್ಲ. ನಮ್ಮ ಬೇಸಿಗೆಯಲ್ಲಿ ಟೇಪಿನ ಅಂಟು ಮೆತ್ತಗಾದರೆ ಅದೇ ಕಳಚಿ ಹಿಂದೆ ಬರುವವನ ಮೇಲೆ ಬೀಳಬಹುದು.

ಚೆಂದವೇ ಬೇಡ ಎನ್ನುವ ಶುಷ್ಕ ಮನುಷ್ಯ ನಾನಲ್ಲ. ಮಡಕಶಿರದ ಕಡೆ ಹೋದಾಗ ಅಮರಾಪುರಂ ಮಂಡಲದ ಹೇಮಾವತಿಯಲ್ಲಿ ಇಳಿದು ನೋಡು. ನೊಳಂಬರು ರಾಜಧಾನಿ ಮಾಡಿಕೊಂಡಿದ್ದ ಊರದು. ದೊಡ್ಡೇಶ್ವರ ಗುಡಿಯ ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಬಳ್ಳಿ ಸುರುಳಿ ಸುತ್ತಿದ ನಡುವೆ ದೇವಮೂರ್ತಿಗಳು, ಅವುಗಳ ಸಂದಿನಿಂದ ಬೆಳಕು. ಆ ಶಿಲ್ಪಿ ಒಂದು ಕಿಟಕಿಗೆ ಇಷ್ಟು ಅಲಂಕಾರ ಮಾಡಿದರೂ ಅದರ ಕೆಲಸವನ್ನು ಮರೆಯಲಿಲ್ಲ. ಗುಡಿಯ ಕಿಟಕಿಗೆ ಬೇಕಾದದ್ದು ತಂಪಾದ ಬೆಳಕು ಮತ್ತು ಗಾಳಿ, ಎರಡನ್ನೂ ಒಳಗೆ ಬಿಟ್ಟ. ಕಾರಿನ ಕಿಟಕಿಗೆ ಬೇಕಾದದ್ದು ಆಚೆಯ ನೋಟ. ಮಾರ್ಪಾಡು ಮಾಡುವುದಿದ್ದರೆ ಆ ಕೆಲಸಕ್ಕೆ ಒದಗುವಂತೆ ಮಾಡು.

ಬಿಸಿಲಿನ ಮಾತು ಬೇರೆ. ನಮ್ಮ ಸೀಮೆಯ ಬಿಸಿಲಿಗೆ ಕಾರಿನೊಳಗೆ ಕೂತವರು ಬೇಯುತ್ತಾರೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಅದನ್ನು ತಡೆಯಲು ಗಾಜು ಕಪ್ಪಾಗಬೇಕಿಲ್ಲ. ಅವಕೆಂಪನ್ನು ತಡೆದು ಬೆಳಕನ್ನು ಬಿಡುವ ತಿಳಿಗಾಜು ಇದೆ, ಕಾರ್ಖಾನೆಯಲ್ಲೇ ಕೂರಿಸಿಯೂ ಕೊಡುತ್ತಾರೆ. ಕೊಳ್ಳುವಾಗ ಚಕ್ರದ ಬಣ್ಣ ಕೇಳುವಷ್ಟೇ ಮುತುವರ್ಜಿಯಿಂದ ಅದನ್ನು ಕೇಳು. ಬರೀ ಕಪ್ಪು ಬಣ್ಣದ ಅಗ್ಗದ ಫಿಲ್ಮ್ ಬಿಸಿಲನ್ನು ತಾನೇ ಹೀರಿ ಕಾಯುತ್ತದೆ, ಅದರ ಒಂದು ಪಾಲು ಒಳಕ್ಕೇ ಬರುತ್ತದೆ. ಪೆನುಕೊಂಡದ ಬಳಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಕಾರು ಹುಟ್ಟುವ ಸೀಮೆಯವರೇ ಆದ ನಾವು ಬಿಸಿಲಿಗೆ ತಕ್ಕ ಗಾಜು ಬೇಕೆಂದು ಕೇಳಲು ಹಿಂಜರಿಯಬಾರದು.

ಇನ್ನೊಂದು ಎಚ್ಚರಿಕೆ. ಪಕ್ಕದ ಗಾಜು ಸಾಮಾನ್ಯವಾಗಿ ಟಫನ್ಡ್ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ತಟ್ಟನೆ ಗಾಳಿಯಲ್ಲಿ ತಣಿಸಿ ಗಟ್ಟಿ ಮಾಡಿರುತ್ತಾರೆ. ಆಮೇಲೆ ಅದಕ್ಕೆ ತೂತು ಕೊರೆಯಲು ಹೋದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಆ ಗುಣ ಇರುವುದೂ ಜೀವ ಉಳಿಸಲಿಕ್ಕೆ. ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಕೂತವರಿಗೆ ಬಾಗಿಲಿಲ್ಲ. ಕಾರು ಮಗುಚಿದರೆ ನೆರವಿಗೆ ಬಂದವರು ಒಡೆಯುವ ಗಾಜುಗಳಲ್ಲಿ ಇದೂ ಒಂದು. ದಪ್ಪ ಫಿಲ್ಮ್ ಒಡೆದ ಕಾಳುಗಳನ್ನೂ ಹಿಡಿದಿಟ್ಟುಕೊಂಡು ದಾರಿ ಬಿಡುವುದಿಲ್ಲ. ಅಗ್ಗದ ಅಕ್ರಿಲಿಕ್ ಹಾಳೆ ಕತ್ತರಿಸಿ ಕೂರಿಸಿದರೆ ಅದು ಚೂಪು ಚೂರಾಗಿ ಒಡೆಯುತ್ತದೆ. ಗಟ್ಟಿ ಲೇಪನವಿಲ್ಲದ ಪಾಲಿಕಾರ್ಬೊನೇಟ್ ವೇದಾವತಿಯ ಮರಳು ಧೂಳಿಗೆ ಗೀರುಬಿದ್ದು ಮಂಕಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಗಾಜಿನ ಮೂಲೆಯ ಐಎಸ್‌ಐ ಗುರುತು ಅಳಿಯದಂತೆ ನೋಡಿಕೊ. ಗಾಜಿನ ಅಂಚಿನ ಚೌಕಟ್ಟಿಗೆ ಬೇಕಾದ ಬಣ್ಣ ಕೊಡಿಸು, ಅದು ಯಾರ ನೋಟಕ್ಕೂ ಅಡ್ಡಬರುವುದಿಲ್ಲ. ಪದರ ಹಚ್ಚಿಸಲೇಬೇಕೆಂದಿದ್ದರೆ, ಅಂಗಡಿಯವರು ನಿನ್ನ ಗಾಜಿನ ಮೇಲೆಯೇ ಮೀಟರ್ ಇಟ್ಟು ಒಟ್ಟು ಎಷ್ಟು ಬೆಳಕು ಹಾಯುತ್ತದೆ ಎಂದು ರಸೀದಿಯಲ್ಲಿ ಬರೆದುಕೊಡಲಿ. ಬರೆದುಕೊಡದವರ ಅಂಗಡಿಯಿಂದ ಎದ್ದು ಬಾ. ಎರಡೂ ರಾಜ್ಯಗಳ ಸಾರಿಗೆ ಅಧಿಕಾರಿಗಳಿಗೂ ನನ್ನದೊಂದು ವಿನಂತಿ: ಕಣ್ಣಂದಾಜಿನಲ್ಲಿ ದಂಡ ಹಾಕಬೇಡಿ, ಕೈಗೆ ಮೀಟರ್ ಕೊಡಿ, ಅಳೆದು ತೋರಿಸಿ. ಅಳತೆ ಕಣ್ಣೆದುರಿಗಿದ್ದರೆ ಹುಡುಗರು ವಾದ ಮಾಡುವುದಿಲ್ಲ, ಕಲಿಯುತ್ತಾರೆ.

ತಮ್ಮಾ, ಕಾರಿನ ಮೇಲೆ ಖರ್ಚು ಮಾಡುವ ಮನಸ್ಸಿದ್ದರೆ ಟೈರಿಗೆ, ಬ್ರೇಕಿಗೆ, ಒಳ್ಳೆಯ ಕನ್ನಡಿಗೆ ಮಾಡು. ಹಿಂಬದಿಯ ಆ ಎರಡು ಗಾಜುಗಳನ್ನು ತಿಳಿಯಾಗಿ, ಒರೆಸಿ ಇಟ್ಟುಕೊ. ಓರೆ ದಾರಿಯಿಂದ ದೊಡ್ಡ ರಸ್ತೆಗೆ ಇಳಿಯುವ ಮುನ್ನ ಕತ್ತು ಹೊರಳಿಸಿ ನೋಡು, ಆಮೇಲೆ ಆಕ್ಸಿಲರೇಟರ್ ಒತ್ತು.

ಇಂತಿ,
ನಿನ್ನ ಗಡಿಸೀಮೆಯವನೇ ಆದ ಒಬ್ಬ ಅಣ್ಣ