ಎಲ್ಕಾನುಮಾನಖಂಡ

ಅಮೆರಿಕದ ಕೊಲೊರಾಡೊದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಶರತ್ಕಾಲ ಬಂತೆಂದರೆ ಆಸ್ಪೆನ್ ಮರದ ಎಲೆ ಹಳದಿಗೆ ತಿರುಗುತ್ತದೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳಿಗೆ ಮದವೇರುತ್ತದೆ, ಕ್ಯಾಮೆರಾ ಹೊತ್ತವರಿಗೂ ಹೆಚ್ಚುಕಡಿಮೆ ಅದೇ ಅವಸ್ಥೆ. ಈ ಕಾಲದಲ್ಲಿ ‘ಇಲ್ಲಿ ಎಲ್ಕ್ ಇದೆ’ ಎಂಬ ಜ್ಞಾನ ಯಾತ್ರಿಕರಿಗೆ ಯಾವ ಪ್ರಮಾಣದಿಂದ ಹುಟ್ಟುತ್ತದೆ ಎಂಬುದೇ ಇಲ್ಲಿನ ವಿಚಾರ. ಕಣ್ಣಿನಿಂದ ಎಂದು ಲೋಕ ನಂಬಿದೆ. ಲೋಕ ನಂಬಿದ್ದೆಲ್ಲ ಸರಿಯಾಗಿದ್ದರೆ ನೈಯಾಯಿಕರಿಗೆ ಅನ್ನ ಹುಟ್ಟುತ್ತಿರಲಿಲ್ಲ. ಗೌತಮನ ನ್ಯಾಯಸೂತ್ರ ಒಪ್ಪಿಕೊಂಡ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಎಲ್ಕ್‌ನ ಮಟ್ಟಿಗೆ ಅನುಮಾನವೇ ಪ್ರಧಾನ, ಪ್ರತ್ಯಕ್ಷ ಅದರ ಬಾಲ ಹಿಡಿದು ಬರುವಂಥದು ಎಂಬುದು ನಮ್ಮ ಪ್ರತಿಜ್ಞೆ. ಹೊಗೆ ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠ. ಇಲ್ಲಿ ಬೆಟ್ಟ ಬೆಟ್ಟವಾಗಿಯೇ ಉಳಿದಿದೆ. ಬೆಂಕಿಯ ಜಾಗಕ್ಕೆ ಎಲ್ಕ್ ಬಂದಿದೆ, ಹೊಗೆಯ ಜಾಗಕ್ಕೆ, ಅಂದರೆ ಹೇತುವಿನ ಜಾಗಕ್ಕೆ, ರಸ್ತೆಯಂಚಿನಲ್ಲಿ ಸಾಲುಗಟ್ಟಿ ನಿಂತ ಕಾರು ಬಂದಿದೆ.

ಸಂಜೆಯ ಹೊತ್ತು ಮೊರೇನ್ ಪಾರ್ಕ್ ಎಂಬ ಹುಲ್ಲುಗಾವಲಿನ ಬದಿಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ. ಸಾಲಿನ ಎಂಟನೆಯ ಕಾರಿನಲ್ಲಿ ಕುಳಿತವರು ಹುಲ್ಲುಗಾವಲಿನ ಕಡೆ ನೋಡುವುದೇ ಇಲ್ಲ. ಅವರು ನೋಡುವುದು ಏಳನೆಯ ಕಾರನ್ನು, ಅದರಿಂದ ಇಳಿದವರ ಲೆನ್ಸು ಯಾವ ದಿಕ್ಕಿಗಿದೆ ಎಂಬುದನ್ನು. ಆಮೇಲೆ ತಮ್ಮ ಲೆನ್ಸನ್ನೂ ಆ ದಿಕ್ಕಿಗೆ ತಿರುಗಿಸಿ, ಕೊನೆಗೆ ಒಳಗೆ ಏನಿದೆ ಎಂದು ಇಣುಕುತ್ತಾರೆ. ಉದ್ಯಾನದ ಆಡಳಿತವೂ ನಮ್ಮ ಪಕ್ಷದಲ್ಲಿದೆ. ಮದದ ಕಾಲದಲ್ಲಿ ಸಂಜೆ 5ರಿಂದ ಬೆಳಗ್ಗೆ 7ರವರೆಗೆ ಈ ಹುಲ್ಲುಗಾವಲುಗಳಿಗೆ ಕಾಲಿಡುವಂತಿಲ್ಲ ಎಂಬ ನಿಯಮವಿದೆ. ಎಲ್ಕ್‌ಗಳು ಬಯಲಿಗೆ ಬರುವುದೂ ಆ ಹೊತ್ತಿಗೇ. ಹಾಗಾಗಿ ನೋಡಬಂದವರೆಲ್ಲ ರಸ್ತೆಗೇ ಅಂಟಿಕೊಂಡಿರಬೇಕು, ಹೇತುವಿಗೆ ಬರವೇ ಇರುವುದಿಲ್ಲ. ಹೊಳೆ ಕೆಂಪಗೆ ತುಂಬಿ ಹರಿದರೆ ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವ ಶೇಷವತ್ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹಳಬರಿಗೂ ಸಿಕ್ಕಿರಲಿಲ್ಲ.

ಆಕ್ಷೇಪ ಎತ್ತುವ ಪೂರ್ವಪಕ್ಷಿ ಸುಮ್ಮನಿರುವವನಲ್ಲ. ‘ಕಾರು ಹಳದಿ ಎಲೆ ನೋಡಲೂ ನಿಲ್ಲುತ್ತದೆ, ಶೌಚಾಲಯದ ಮುಂದೆಯೂ ನಿಲ್ಲುತ್ತದೆ, ಗಂಡಹೆಂಡಿರು ಜಗಳ ಮುಗಿಸಿಕೊಳ್ಳಲೂ ನಿಲ್ಲಿಸುತ್ತಾರೆ, ನಿಮ್ಮ ಹೇತು ಸವ್ಯಭಿಚಾರ, ಎಲ್ಕ್ ಇಲ್ಲದ ಕಡೆಯೂ ಇರುವಂಥದು’ ಎನ್ನುತ್ತಾನೆ. ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಹೇತುವನ್ನು ನವ್ಯನ್ಯಾಯದ ರೀತಿಯಲ್ಲಿ ಬಿಗಿ ಮಾಡುತ್ತೇವೆ: ಬರೀ ಕಾರು ಹೇತುವಲ್ಲ, ಅರ್ಧತೆರೆದದ್ವಾರತ್ವಾವಚ್ಛಿನ್ನವಾದ ಕಾರು ಹೇತು. ಅಂದರೆ ಎಂಜಿನ್ ಆರಿಸದೆ, ಬಾಗಿಲು ಅರ್ಧ ತೆರೆದು, ಹಿಂದಿನ ಚಕ್ರಗಳನ್ನು ರಸ್ತೆಯ ಮೇಲೇ ಬಿಟ್ಟು ನಿಂತ ಕಾರು. ಶೌಚಾಲಯಕ್ಕೆ ಹೋಗುವವರು ಬಾಗಿಲು ಹಾಕಿಕೊಂಡೇ ಹೋಗುತ್ತಾರೆ. ಜಗಳದಲ್ಲಂತೂ ಗಾಜೂ ಏರಿರುತ್ತದೆ. ಹಳದಿ ಎಲೆ ಎಲ್ಲಿಗೂ ಓಡಿಹೋಗುವುದಿಲ್ಲವಾದ್ದರಿಂದ ಅದಕ್ಕಾಗಿ ನಿಂತ ಕಾರಿನಲ್ಲಿ ಈ ಅವಸರದ ಲಕ್ಷಣವೇ ಇರದು. ‘ಆದರೆ ಕಂದು ಬಣ್ಣದ ಮರದ ಮೋಟನ್ನು ಎಲ್ಕ್ ಎಂದು ಭ್ರಮಿಸಿ ಇಪ್ಪತ್ತು ಕಾರು ಅರ್ಧ ಬಾಗಿಲು ತೆರೆದು ನಿಲ್ಲುವುದುಂಟಲ್ಲ?’ ಉಂಟು, ಧಾರಾಳವಾಗಿ ಉಂಟು. ಮಬ್ಬಿನಲ್ಲಿ ಕಂಡದ್ದು ಮೋಟೋ ಮನುಷ್ಯನೋ ಎಂಬ ಸಂಶಯ ಶಾಸ್ತ್ರದಷ್ಟೇ ಹಳೆಯದು. ಆದರೆ ಇಲ್ಲಿ ಕೆಟ್ಟದ್ದು ಯಾವುದು ನೋಡಿ. ಮೋಟನ್ನು ಎಲ್ಕ್ ಎಂದು ಬಗೆದದ್ದು ಮೊದಲನೆಯ ಕಾರಿನವನ ಕಣ್ಣು. ಹಿಂದಿನ ಹತ್ತೊಂಬತ್ತು ಮಂದಿ ನಿಯಮ ತಪ್ಪದೆ ಅನುಮಾನ ಮಾಡಿದವರು. ಆಕ್ಷೇಪದಿಂದ ಪೆಟ್ಟು ಬಿದ್ದದ್ದು ಪ್ರತ್ಯಕ್ಷಕ್ಕೇ ಹೊರತು ನಮಗಲ್ಲ.

ಇದಕ್ಕಿಂತ ಹರಿತವಾದ ಪ್ರಶ್ನೆ ಇನ್ನೊಂದಿದೆ. ಎಲ್ಲರೂ ಮುಂದಿನ ಕಾರು ನೋಡಿ ನಿಂತರೆ ಮೊಟ್ಟಮೊದಲ ಕಾರು ಏನು ನೋಡಿ ನಿಂತಿತು? ಬೀಜವೃಕ್ಷಗಳ ಹಾಗೆ ಇದೂ ಅನಾದಿ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಇತಿಹಾಸ ನಮಗೆ ಅಷ್ಟು ಸಣ್ಣ ಗೆಲುವನ್ನು ಕೊಟ್ಟಿಲ್ಲ. ಈ ಕಣಿವೆಗಳಲ್ಲಿದ್ದ ಎಲ್ಕ್‌ಗಳನ್ನು 19ನೆಯ ಶತಮಾನ ಮುಗಿಯುವುದರೊಳಗೆ ಬೇಟೆಗಾರರು ಹೆಚ್ಚುಕಡಿಮೆ ನಿರ್ನಾಮ ಮಾಡಿದ್ದರು. ಈಗಿರುವ ಹಿಂಡುಗಳ ಪೂರ್ವಜರು 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್‌ನಿಂದ ಸಾಗಿಸಿ ತಂದ 49 ಎಲ್ಕ್‌ಗಳು. ಉದ್ಯಾನ ಹುಟ್ಟಿದ್ದೇ ಆಮೇಲೆ, 1915ರಲ್ಲಿ. ಅವು ನಡೆದು ಬಂದವಲ್ಲ, ಹೊತ್ತು ತಂದವು. ಹಾಗಾದರೆ ವಾಹನ ಮೊದಲು, ಎಲ್ಕ್ ಆಮೇಲೆ. ವಾಹನವನ್ನು ಎಲ್ಕ್‌ನ ಹೇತು ಎಂದಷ್ಟೇ ಅಂದುಕೊಂಡಿದ್ದೆವು, ಕಾರಣವೂ ಹೌದೆಂದು ಈಗ ತೇಲಿತು. ಮೂಸ್ ಎಂಬ ಇನ್ನೊಂದು ಜಿಂಕೆಯ ಕಥೆಯೂ ಬೇರೆಯಲ್ಲ: 1978ರಿಂದೀಚೆಗೆ ಕೊಲೊರಾಡೊದ ಸರ್ಕಾರ ನೆರೆರಾಜ್ಯಗಳಿಂದ ಹಿಡಿಸಿ ತರಿಸಿದ್ದು. ಬಿಗ್‌ಹಾರ್ನ್ ಕುರಿಗಳು ಯಾರೂ ತರದೆ ಮೊದಲಿಂದಲೂ ಇಲ್ಲೇ ಇದ್ದವಲ್ಲ ಎಂದು ಕೇಳುವವರಿಗೆ, ಅವು ಬಂಡೆಯ ಮೇಲಿನ ಪ್ರಾಣಿಗಳು, ಮುಂದಿನ ಸಂಪುಟಕ್ಕೆ ಸೇರಿದವು ಎಂಬುದೇ ಉತ್ತರ.

ಇಷ್ಟಾದ ಮೇಲೂ ಪ್ರತ್ಯಕ್ಷವಾದಿಗಳು 600 ಎಂಎಂ ಲೆನ್ಸ್ ಹಿಡಿದು ವಾದಕ್ಕೆ ಬರುತ್ತಾರೆ. ಅವರ ಸೋಲು ಅವರ ಕೈಯಲ್ಲೇ ಇದೆ. ನ್ಯಾಯಮತದ ಪ್ರಕಾರ ಕಣ್ಣಿನಿಂದ ತೇಜಸ್ಸಿನ ರಶ್ಮಿ ಹೊರಟು ವಸ್ತುವನ್ನು ತಲುಪಿ ತಟ್ಟಿದರೆ ಮಾತ್ರ ಅದು ಕಾಣುತ್ತದೆ. ಉದ್ಯಾನದ ನಿಯಮದ ಪ್ರಕಾರ ಎಲ್ಕ್‌ನಿಂದ 75 ಅಡಿ, ಮೂಸ್ ಮತ್ತು ಕರಡಿಯಿಂದ 120 ಅಡಿ ದೂರವಿರಬೇಕು. ಎಲ್ಕನ್ನು ಕಣ್ಣಾರೆ ಕಂಡೆ ಎನ್ನುವವನು ತನ್ನ ರಶ್ಮಿ ಎಲ್ಕ್‌ನ ಮೈಗೇ ತಾಗಿತೆಂದು ತಪ್ಪೊಪ್ಪಿಕೊಂಡ ಹಾಗಾಯಿತು; ದಂಡಕ್ಕೆ ಅರ್ಹ. ಅನುಮಾನ ಮಾಡುವವನ ರಶ್ಮಿ ಮುಂದಿನ ಕಾರಿನ ಬಂಪರಿಗೆ ತಾಗಿ ನಿಲ್ಲುತ್ತದೆ, ಅದಕ್ಕೆ ಯಾವ ನಿಷೇಧವೂ ಇಲ್ಲ. ಮೊಬೈಲು ಹಿಡಿದವರದು ಇನ್ನೂ ಕಷ್ಟ. ಆ ಸಣ್ಣ ಲೆನ್ಸಿನ ರಶ್ಮಿ ದೂರ ಹೋಗಲಾರದ್ದರಿಂದ ಮೈಯೇ ಹೋಗಬೇಕಾಗುತ್ತದೆ. ಮದವೇರಿದ ಗಂಡು ತನ್ನ ಹೆಣ್ಣುಗಳ ಗುಂಪಿನ ಕಡೆ ನಡೆದುಬರುವ ಯಾವುದನ್ನೂ ಪ್ರತಿಸ್ಪರ್ಧಿ ಎಂದೇ ಎಣಿಸುತ್ತದೆ. ಆಗ ಉಂಟಾಗುವುದು ಖಂಡಿತವಾಗಿ ಪ್ರತ್ಯಕ್ಷವೇ, ಆದರೆ ನೋಡುವವರು ಯಾರು ನೋಡಿಸಿಕೊಳ್ಳುವವರು ಯಾರು ಎಂಬುದು ಅದಲುಬದಲಾಗಿರುತ್ತದೆ.

‘ಉಪಮಾನಕ್ಕೇನು ಗತಿ?’ ಎಂದು ಕೇಳಬಹುದು. ಕಾಡುಪ್ರಾಣಿ ಗುರುತಿಸುವ ಪ್ರಮಾಣವೆಂದೇ ಹೆಸರಾದದ್ದು ಅದು: ಗವಯ ಹಸುವಿನ ಹಾಗಿರುತ್ತದೆ ಎಂದು ಕಾಡಿನವನಿಂದ ಕೇಳಿಕೊಂಡ ಊರಿನವನು ಕಾಡಿಗೆ ಹೋಗಿ ಗವಯವನ್ನು ಗುರುತಿಸುತ್ತಾನೆ. ಡೆನ್ವರ್‌ನ ಕನ್ನಡದ ಮನೆಗಳಲ್ಲೂ ಊರಿಂದ ಬಂದ ತಾಯಿಗೆ ‘ನಮ್ಮ ಬಂಡೀಪುರದ ಕಡವೆ ಥರಾನೇ ಅಮ್ಮಾ, ಸ್ವಲ್ಪ ದೊಡ್ಡದು’ ಎಂದು ಉಪದೇಶವಾಗಿರುತ್ತದೆ. ಮೈಕಟ್ಟು, ಕೊಂಬು, ಕುತ್ತಿಗೆಯ ಕೂದಲು ಇವುಗಳ ಮಟ್ಟಿಗೆ ಉಪದೇಶ ನಿಲ್ಲುತ್ತದೆ. ಆದರೆ ಆ ಮುನ್ನೂರು ಕಿಲೋ ದೇಹ ಬಾಯಿ ತೆರೆದಾಗ ಬರುವುದು ಗಾಳಿಯಲ್ಲಿ ಏರಿ ಏರಿ ಸೀಳುವ ಶಿಳ್ಳೆ, ಕೊನೆಗೆ ನಾಲ್ಕು ಗೊರಗೊರ. ಕಡವೆಯ ಗಡಸು ಕೂಗಿಗೂ ಇದಕ್ಕೂ ಸಂಬಂಧವೇ ಇಲ್ಲ, ತಾಯಿ ಹಕ್ಕಿಗಾಗಿ ಮರದ ಮೇಲೆ ಹುಡುಕುತ್ತಾರೆ. ಹಾಗಾದರೆ ಆ ಕೂಗನ್ನೇ ಶಬ್ದಪ್ರಮಾಣವೆಂದು ಒಪ್ಪಬಹುದೇ? ಆಗದು. ಶಬ್ದ ಪ್ರಮಾಣವಾಗಲು ಹೇಳುವವನು ಆಪ್ತನಾಗಿರಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಗಂಡು ಎಲ್ಕ್ ಕೂಗುವುದೇ ತಾನು ಇರುವುದಕ್ಕಿಂತ ದೊಡ್ಡವನೆಂದು ತೋರಿಸಿಕೊಳ್ಳಲು. ಚುನಾವಣೆಯ ಭಾಷಣಕ್ಕೆ ಆಪ್ತವಾಕ್ಯವೆಂಬ ಗೌರವ ಯಾವ ಶಾಸ್ತ್ರದಲ್ಲೂ ಇಲ್ಲ.

ಉಳಿದದ್ದು ಫೋಟೊ. ತನಗಾಗಿ ಮಾಡಿಕೊಳ್ಳುವ ಅನುಮಾನ ಸ್ವಾರ್ಥ, ಪರರನ್ನು ಒಪ್ಪಿಸಲು ಮಾಡುವುದು ಪರಾರ್ಥ. ಫೋಟೊ ಎರಡನೆಯ ಜಾತಿಯದು. ಅದಕ್ಕೆ ಐದು ಅವಯವಗಳೂ ಇವೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ‘ಇದು ಎಲ್ಕ್’ ಎಂಬ ಪ್ರತಿಜ್ಞೆ, ಕಂದು ಚುಕ್ಕೆಯ ಸುತ್ತ ಕೆಂಪು ವೃತ್ತವೆಂಬ ಹೇತು, ಗೂಗಲ್‌ನಿಂದ ತಂದ ದೊಡ್ಡ ಎಲ್ಕ್‌ನ ಉದಾಹರಣೆ, ‘ಇದೂ ಹಾಗೇ, ಜೂಮ್ ಮಾಡಿ’ ಎಂಬ ಉಪನಯ, ಚಿಕ್ಕಪ್ಪನ ಹೆಬ್ಬೆರಳಿನ ಚಿತ್ರವೆಂಬ ನಿಗಮನ. ಈ ಐದರಲ್ಲಿ ಎಲ್ಲೂ ಕಣ್ಣಿಗೆ ಕೆಲಸವಿಲ್ಲ ಎಂಬುದನ್ನು ವಿಮರ್ಶಕರು ಗಮನಿಸಬೇಕು.

ಕೊನೆಯ ಆಕ್ಷೇಪ ಪೈಕಾದ್ದು. ಮೊಲದ ಬಳಗಕ್ಕೆ ಸೇರಿದ, ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರದ ಈ ಪ್ರಾಣಿ ಟ್ರೇಲ್ ರಿಜ್ ರಸ್ತೆ ಮರಗಳ ಸೀಮೆ ದಾಟಿ 12,183 ಅಡಿಯವರೆಗೆ ಏರುವ ಕಡೆ ಬಂಡೆರಾಶಿಗಳಲ್ಲಿ ವಾಸಿಸುತ್ತದೆ. ಚಳಿಗಾಲಕ್ಕೆ ನಿದ್ದೆ ಹೋಗದ್ದರಿಂದ ಅಕ್ಟೋಬರಿನ ಹಿಮ ಆ ರಸ್ತೆಯನ್ನು ಮುಚ್ಚುವ ಮೊದಲೇ ಬಾಯಿತುಂಬ ಹುಲ್ಲು ಕಚ್ಚಿ ತಂದು ಬಣವೆ ಒಟ್ಟಬೇಕು, ನಿಂತು ಪೋಸು ಕೊಡಲು ಪುರುಸೊತ್ತಿಲ್ಲ. ಅದಕ್ಕಾಗಿ ಕಾರುಗಳ ಸಾಲು ನಿಂತದ್ದಿಲ್ಲ. ‘ಹಾಗಾದರೆ ನಿಮ್ಮ ಮತದಲ್ಲಿ ಪೈಕಾ ಇಲ್ಲವೇ?’ ಇಲ್ಲವೆನ್ನುವುದಿಲ್ಲ, ರಸ್ತೆಯ ಮಟ್ಟಿಗೆ ಅಸಿದ್ಧ ಎನ್ನುತ್ತೇವೆ. ಕಾರಿನಿಂದ ಇಳಿದು, ರಾಕ್ ಕಟ್ ಎಂಬಲ್ಲಿ ಚಳಿಗಾಳಿಗೆ ಮೈಯೊಡ್ಡಿ ಅಲ್ಲಾಡದೆ ಅರ್ಧ ಗಂಟೆ ಕುಳಿತವರಿಗೆ ಅದು ಕಾಣುತ್ತದಂತೆ. ಅವರು ತೆಗೆದ ಫೋಟೊಗಳನ್ನು ಪರಿಶೀಲಿಸಿದರೆ ಬರೀ ಬಂಡೆಗಳಿರುತ್ತವೆ, ಅವುಗಳಲ್ಲಿ ಪೈಕಾ ಯಾವುದು ಎಂಬ ಬಗ್ಗೆ ತೆಗೆದವರಲ್ಲೇ ಎರಡು ಪಕ್ಷಗಳಿವೆ.