ಸ್ಪುಟ್ನಿಕ್ ಮಹಾಶಯರಿಗೊಂದು ಬಿನ್ನಹ

ಸ್ವರ್ಗಸ್ಥ ಪ್ರಥಮ ಸ್ಪುಟ್ನಿಕ್ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಪೂರ್ವ ಏಷ್ಯಾ ಅಧ್ಯಯನದ ಡಾಕ್ಟರೇಟ್ ಪ್ರಬಂಧಕ್ಕೆ ಪೀಠಿಕೆಯನ್ನು ಬರೆದು, ಮುಂದಿನ ಅಧ್ಯಾಯಗಳಿಗೆ ದ್ರವ್ಯವಿಲ್ಲದೆ ಕುಳಿತಿರುವ ವಿದ್ಯಾರ್ಥಿಯ ಸಾಷ್ಟಾಂಗ ಪ್ರಣಾಮಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು 1958ರ ಜನವರಿಯಲ್ಲಿಯೇ ವಾಯುಮಂಡಲದಲ್ಲಿ ಭಸ್ಮೀಭೂತರಾದುದನ್ನು ಬಲ್ಲೆನಾದರೂ, ಬದುಕಿರುವ ದಾತೃಗಳಿಂದ ಬಂದ ಉತ್ತರಗಳನ್ನು ಓದಿದ ಮೇಲೆ, ಗತಿಸಿದವರಿಗೆ ಬರೆಯುವುದರಿಂದ ವಿಶೇಷ ನಷ್ಟವೇನೂ ಇಲ್ಲವೆಂದು ಮನಗಂಡು ಲೇಖನಿಯನ್ನು ಹಿಡಿದಿದ್ದೇನೆ.

ನಮ್ಮ ಶಾಸ್ತ್ರದ ಮೂಲಪುರುಷರಾರೆಂದು ಕೇಳಿದರೆ ಆಚಾರ್ಯರು ಯಾವ ಯಾವ ಪಂಡಿತರನ್ನೋ ಹೆಸರಿಸುವರು. ಲೆಕ್ಕದ ಪುಸ್ತಕ ಹೇಳುವುದು ತಮ್ಮ ಹೆಸರನ್ನು. 1957ರ ಅಕ್ಟೋಬರ್ 4ರಂದು, 83.6 ಕಿಲೋಗ್ರಾಂ ತೂಕದ ತಾವು ಭೂಪ್ರದಕ್ಷಿಣೆಗೆ ಹೊರಟು ‘ಬೀಪ್ ಬೀಪ್’ ಎಂದ ಮಾತ್ರಕ್ಕೆ ಅಮೆರಿಕದ ಶಾಸನಸಭೆಯು ಬೆಚ್ಚಿಬಿದ್ದು, ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ಅಂಗೀಕರಿಸಿ, ಅದರ ಆರನೆಯ ಪ್ರಕರಣದ ಮೂಲಕ ಪರಭಾಷಾ ವ್ಯಾಸಂಗಕ್ಕೆ ಬೊಕ್ಕಸವನ್ನು ತೆರೆಯಿತು. ಆಕಾಶದಲ್ಲಿ ರಷ್ಯದ ಗೋಳವೊಂದು ಸುತ್ತಿದರೆ ನೆಲದ ಮೇಲೆ ಚೀನೀ, ಜಪಾನೀ ಕಲಿಯಬೇಕೆಂಬುದನ್ನು ಯಾವ ತರ್ಕಶಾಸ್ತ್ರವೂ ಸಾಧಿಸಲಾರದಾದರೂ, ಅದರ ಫಲವನ್ನುಂಡವರಾರೂ ಆ ಪರೀಕ್ಷೆಗೆ ಕೈಹಾಕಲಿಲ್ಲ. 1961ರಲ್ಲಿ ಫುಲ್‌ಬ್ರೈಟ್-ಹೇಸ್ ಕಾಯಿದೆಯೂ ಬಂದು, ಪ್ರಬಂಧಕಾರರು ಪರದೇಶದ ಪತ್ರಾಗಾರಗಳಲ್ಲಿ ಆರು ತಿಂಗಳೋ ವರ್ಷವೋ ಧೂಳು ಕುಡಿಯುವುದಕ್ಕೆ ಮಾರ್ಗವಾಯಿತು.

ನನ್ನ ವಿಷಯವು ಚಿಂಗ್ ವಂಶದ ಕಾಲದ ಧಾನ್ಯದ ಧಾರಣೆ. ಚಿಯೆನ್‌ಲುಂಗ್ ಚಕ್ರವರ್ತಿಯ ಆಳ್ವಿಕೆಯಲ್ಲಿ ಪ್ರಾಂತಾಧಿಪತಿಗಳು ತಿಂಗಳು ತಿಂಗಳೂ ಬೀಜಿಂಗಿಗೆ ಒಂದು ಪಟ್ಟಿಯನ್ನು ಒಪ್ಪಿಸಬೇಕಾಗಿತ್ತು: ಜಿಲ್ಲೆ ಜಿಲ್ಲೆಯ ಅಕ್ಕಿ ಗೋಧಿಗಳ ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಕೊನೆಗೆ ‘ಅಗ್ಗ’, ‘ಮಧ್ಯಮ’, ‘ತುಟ್ಟಿ’ ಎಂಬೊಂದು ತೀರ್ಮಾನ. ಹಸಿದ ಪ್ರಜೆ ದಂಗೆಯೇಳುವನೆಂಬ ಭಯ ಆ ಪ್ರಭುವಿಗೂ ಇದ್ದಿತು. ಭಯವಿದ್ದುದರಿಂದಲೇ ಅವನು ಬೆಲೆಯನ್ನು ವಿಚಾರಿಸಿದನು. ಈಗ ಅಂಥ ಪಟ್ಟಿಗಳನ್ನು ಬೀಜಿಂಗಿನ ಪ್ರಥಮ ಐತಿಹಾಸಿಕ ಪತ್ರಾಗಾರದಲ್ಲಿ, ಸುಮಾರು ಒಂದು ಕೋಟಿ ದಾಖಲೆಗಳ ನಡುವೆ, ಹುಡುಕಬೇಕು. ಆದರೆ ಅನುದಾನದ ಅರ್ಜಿಯ ನಮೂನೆಯು, ಹುಡುಕುವುದಕ್ಕೆ ಹೋಗುವ ಮೊದಲೇ ಸಿಕ್ಕುವುದೇನೆಂದು ತಿಳಿಸತಕ್ಕದ್ದೆಂದು ವಿಧಿಸುತ್ತದೆ. ಆಮಂತ್ರಣಪತ್ರವಿಲ್ಲದೆ ಅನುದಾನವಿಲ್ಲ, ಅನುದಾನವಿಲ್ಲದವನಿಗೆ ಆಮಂತ್ರಣವಿಲ್ಲ. ಇದರ ಮೇಲೆ, 1750ರ ಹೂನಾನಿನ ಅಕ್ಕಿಯಿಂದ ಇಂದಿನ ಅಮೆರಿಕಕ್ಕೊದಗುವ ಪ್ರಯೋಜನವನ್ನು ಹತ್ತು ಪುಟಗಳೊಳಗೆ ನಿರೂಪಿಸತಕ್ಕದ್ದು.

ಅನ್ಯ ದಾತೃಗಳಿಲ್ಲವೆಂದಲ್ಲ. 1972ರಿಂದ ಜಪಾನ್ ಫೌಂಡೇಶನ್, 1989ರಿಂದ ತೈಪೆಯ ಚಿಯಾಂಗ್ ಚಿಂಗ್-ಕುವೊ ಪ್ರತಿಷ್ಠಾನ, 1991ರಿಂದ ಕೊರಿಯಾ ಫೌಂಡೇಶನ್ ಉದಾರವಾಗಿ ನಡೆದುಕೊಂಡಿವೆ. ಗಂಡಿನ ಗುಣವಿಚಾರಣೆಗೆ ಹೊರಟವರಿಗೆ ಗಂಡಿನ ಮನೆಯವರೇ ಬಂಡಿ ಕಟ್ಟಿಸಿಕೊಟ್ಟರೆ, ಬಂಡಿ ಬೇಡವೆನ್ನುವಷ್ಟು ಕಾಲ್ಬಲವು ನನಗಿಲ್ಲ.

ನನ್ನನ್ನು ಬಾಧಿಸುವ ಸಂಶಯವು ಬೇರೆ. ತಮ್ಮ ಕಾಲದಲ್ಲಿ ಭಯ ಹೆಚ್ಚಿದರೆ ವಿದ್ಯಾರ್ಥಿವೇತನವೂ ಹೆಚ್ಚುತ್ತಿತ್ತು. ಈಗ ಚೀನವೆಂದರೆ ವಾಷಿಂಗ್ಟನ್ನಿನಲ್ಲಿ ಎರಡು ಪಕ್ಷಗಳಿಗೂ ನಿದ್ರೆಯಿಲ್ಲ; ಆದರೂ 2020ರ ಜುಲೈಯಲ್ಲಿ ಚೀನ ಮತ್ತು ಹಾಂಗ್‌ಕಾಂಗ್‌ಗಳ ಫುಲ್‌ಬ್ರೈಟ್ ವಿನಿಮಯವನ್ನು ಅಧ್ಯಕ್ಷರ ಆಜ್ಞೆಯೊಂದು ಕೊನೆಗೊಳಿಸಿತು; 2025ರಲ್ಲಿ ಫುಲ್‌ಬ್ರೈಟ್-ಹೇಸ್ ಪ್ರಬಂಧವೇತನದ ಆ ವರ್ಷದ ಸ್ಪರ್ಧೆಯೇ ರದ್ದಾಯಿತು. ಅತ್ತ ಚೀನವೂ ಹಿಂದೆ ಬೀಳದೆ, 2023ರಲ್ಲಿ ಸಿಎನ್‌ಕೆಐ ಎಂಬ ಅಂತರ್ಜಾಲದ ಮಹಾಗ್ರಂಥಭಂಡಾರದ ಕೆಲವು ಕೋಣೆಗಳಿಗೆ ಹೊರನಾಡಿನವರು ಬಾರದಂತೆ ಬೀಗ ಜಡಿಯಿತು. ಒಬ್ಬರಿಗೆ ಅರಿಯುವ ಭಯ, ಇನ್ನೊಬ್ಬರಿಗೆ ಅರಿಯಲ್ಪಡುವ ಭಯ. ಚಿಯೆನ್‌ಲುಂಗನ ಗುಮಾಸ್ತನಿದ್ದಿದ್ದರೆ ಈ ತಿಂಗಳ ಪಟ್ಟಿಯಲ್ಲಿ ಭಯವನ್ನು ‘ಅಗ್ಗ’ವೆಂದೂ ಜ್ಞಾನವನ್ನು ‘ತುಟ್ಟಿ’ಯೆಂದೂ ಬರೆದು ಮುದ್ರೆಯೊತ್ತುತ್ತಿದ್ದನು.

ಆದಕಾರಣ ಬಿನ್ನಹವಿಷ್ಟೆ. ಈ ರಾಷ್ಟ್ರವನ್ನು ನಿರ್ಭಯವಾಗಿಸಬೇಕೆಂದು ಬೇಡುವಷ್ಟು ಅವಿವೇಕಿ ನಾನಲ್ಲ. ನಿರ್ಭಯ ರಾಷ್ಟ್ರವು ನಮ್ಮಂಥವರಿಗೆ ಬಿಡಿಗಾಸನ್ನೂ ಕೊಡದು. ಯಾರಿಗೆ ಹೆದರುತ್ತೇವೆಯೋ ಅವರು ಬರೆದುದನ್ನು ಓದಲು ಬಲ್ಲವರು ಮನೆಯಲ್ಲಿ ನಾಲ್ವರಾದರೂ ಇರಲೆಂಬ ಹಿಂದಿನ ವಿವೇಕವನ್ನು ಮಾತ್ರ ಕರುಣಿಸಬೇಕು. ಹೆದರುವುದೇ ಆದರೆ, ಮಹಾಶಯರೇ, ವ್ಯಾಕರಣಬದ್ಧವಾಗಿ ಹೆದರಲಿ.

ಇತಿ ವಿಧೇಯ,
ಅನುದಾನಾಕಾಂಕ್ಷಿ

ಅಡಕ: ಯೋಜನಾವಿವರ, ಹತ್ತು ಪುಟ; ಭಾಷಾಪ್ರಾವೀಣ್ಯದ ಪ್ರಮಾಣಪತ್ರ; ಆಮಂತ್ರಣ, ಬಂದ ಕೂಡಲೆ.